ಸತ್ತದ್ದು ಯಾವ ಬ್ಯಾಟರಿ?

"ಹೈಬ್ರಿಡ್ ಕಾರಿನ ಬ್ಯಾಟರಿ ಹೋಗಿದೆ" ಎಂದು ಫೋನ್ ಬಂದಾಗ ನಾನು ಮೊದಲು ಕೇಳುವುದು ಒಂದೇ ಮಾತು: ಯಾವ ಬ್ಯಾಟರಿ? ಎಷ್ಟೋ ಜನರಿಗೆ, ಪೆಟ್ರೋಲ್ ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರೂ ಇರುವ ತಮ್ಮ ಕಾರಿನಲ್ಲಿ ಎರಡು ಬ್ಯಾಟರಿಗಳಿವೆ ಎಂಬುದೇ ಗೊತ್ತಿರುವುದಿಲ್ಲ. ಥಾಣೆಯ ಗ್ಯಾರೇಜಿನಲ್ಲಿ ವಾಹನಗಳ ಎಲೆಕ್ಟ್ರಿಕಲ್ ಕೆಲಸ ಮಾಡುವ ನನಗೆ ಇಂತಹ ಕರೆಗಳು ಹೆಚ್ಚಾಗಿ ಬರುವುದು ಮಳೆಗಾಲ ಮುಗಿದ ಮೇಲೆ. ಬೇಸಿಗೆ ರಜೆಗೆ ಊರಿಗೆ ಹೋದವರು ಅಲ್ಲೇ ಉಳಿದಿರುತ್ತಾರೆ, ಮಕ್ಕಳು ವಿದೇಶಕ್ಕೆ ಹಾರಿರುತ್ತಾರೆ, ಕಾರು ಸೊಸೈಟಿಯ ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತಾ ನಿಂತಿರುತ್ತದೆ.

ಮುಲುಂಡಿನ ಒಬ್ಬ ನಿವೃತ್ತ ಮೇಷ್ಟ್ರು ಕರೆದದ್ದೂ ಹೀಗೆಯೇ. ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿದವರು. ಕಾರು ಮಗನದು, 2010ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಟೊಯೋಟಾ ಪ್ರಿಯಸ್ ಮಾದರಿ. ಮಗ ಜರ್ಮನಿಯಲ್ಲಿದ್ದಾನೆ. ಯಾರೋ ಮೆಕ್ಯಾನಿಕ್ ಬಂದು ಬಾಗಿಲು ಎಳೆದು ನೋಡಿ, ದೀಪ ಹತ್ತದ್ದನ್ನು ಕಂಡು, "ಹೈಬ್ರಿಡ್ ಬ್ಯಾಟರಿ ಬದಲಾಯಿಸಬೇಕು" ಎಂದು ಲಕ್ಷಗಳ ಲೆಕ್ಕದ ಚೀಟಿ ಕೊಟ್ಟು ಹೋಗಿದ್ದ. ಮೀಟರ್ ಹಚ್ಚದೆ ಬರೆದ ಚೀಟಿ ಅದು. ನನಗೆ ಸಿಟ್ಟು ಬರುವುದು ಇಂತಹ ಕಡೆಯೇ. ಪಿಂಚಣಿಯ ಮೇಲೆ ಬದುಕುವವರ ಕೈಗೆ ಅಷ್ಟು ದೊಡ್ಡ ಮೊತ್ತ ಬರೆದು ಕೊಡುವ ಮೊದಲು ಒಂದು ಅಳತೆಯನ್ನಾದರೂ ತೆಗೆದುಕೊಳ್ಳಬೇಡವೇ?

ಆ ಕಾರಿನ ದೊಡ್ಡ ಬ್ಯಾಟರಿ ನಿಕಲ್ ಮೆಟಲ್ ಹೈಡ್ರೈಡ್ ಬಗೆಯದು. 7.2 ವೋಲ್ಟಿನ 28 ಮಾಡ್ಯೂಲುಗಳ ಸರಣಿ, ಒಟ್ಟು 201.6 ವೋಲ್ಟ್. ಕಾರು ಆಫ್ ಆದಾಗ ರಿಲೇಗಳು, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚುಗಳು, ತೆರೆದುಕೊಂಡು ಇದನ್ನು ಉಳಿದೆಲ್ಲದರಿಂದ ಕಡಿದುಬಿಡುತ್ತವೆ. ಆ ರಿಲೇಗಳು ಮತ್ತೆ ಮುಚ್ಚಿಕೊಳ್ಳಬೇಕಾದರೆ ಡಿಕ್ಕಿಯಲ್ಲಿರುವ 12 ವೋಲ್ಟಿನ ಚಿಕ್ಕ ಬ್ಯಾಟರಿ ಜೀವಂತವಾಗಿರಬೇಕು. ಕಣಜ ತುಂಬಿದ್ದರೂ ಬೀಗದ ಕೈ ಕಳೆದುಹೋದರೆ ಒಂದು ಕಾಳೂ ಸಿಗುವುದಿಲ್ಲವಲ್ಲ, ಹಾಗೆ. ಇನ್ನೊಂದು ವಿಷಯವೂ ಇದೆ. ಈ ಕಾರಿನಲ್ಲಿ ಪ್ರತ್ಯೇಕ ಸ್ಟಾರ್ಟರ್ ಮೋಟಾರ್ ಇಲ್ಲ, ಆಲ್ಟರ್ನೇಟರೂ ಇಲ್ಲ. ಎಂಜಿನ್ನನ್ನು ತಿರುಗಿಸುವುದು ದೊಡ್ಡ ಬ್ಯಾಟರಿಯ ಶಕ್ತಿಯಿಂದ ಓಡುವ ಮೋಟಾರು. ಚಿಕ್ಕ ಬ್ಯಾಟರಿಯನ್ನು ತುಂಬುವುದೂ ದೊಡ್ಡದರಿಂದಲೇ, ವೋಲ್ಟೇಜ್ ಇಳಿಸುವ ಡಿಸಿ ಕನ್ವರ್ಟರಿನ ಮೂಲಕ, ಅದೂ ಕಾರು ಹೊರಡಲು ಸಿದ್ಧ ಎಂದು ತೋರಿಸುವ 'ರೆಡಿ' ದೀಪ ಹತ್ತಿದ ಮೇಲೆ. ಆದ್ದರಿಂದ ಚಿಕ್ಕದನ್ನು ಅಳೆಯುವ ಮೊದಲು ದೊಡ್ಡದರ ಬಗ್ಗೆ ತೀರ್ಪು ಕೊಡಲು ಬರುವುದಿಲ್ಲ.

ಜೊತೆಗಿದ್ದ ಹುಡುಗ, "ಅಣ್ಣ, ದೊಡ್ಡ ಬ್ಯಾಟರಿಯನ್ನೇ ಬಿಚ್ಚಿ ನೋಡೋಣವೇ?" ಎಂದ. ಹೊಸಬರಿಗೆ ದೊಡ್ಡ ಬ್ಯಾಟರಿಯ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ತುರಿಸುತ್ತದೆ. ಬೇಡ ಎಂದೆ. ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದು, ವಿದ್ಯುತ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರುಗಳು ಖಾಲಿಯಾಗಲು ಕನಿಷ್ಠ ಹತ್ತು ನಿಮಿಷ ಕಾದು, 1000 ವೋಲ್ಟ್ ತಡೆಯುವ ರಬ್ಬರ್ ಕೈಗವಸು ಹಾಕಿಕೊಂಡು ಮಾಡಬೇಕಾದ ಕೆಲಸ ಅದು. ಅದಕ್ಕೆ ಕಾರಣ ಬೇಕು, ಕುತೂಹಲ ಸಾಲದು.

ಚಿಕ್ಕ ಬ್ಯಾಟರಿ ಇರುವುದು ಡಿಕ್ಕಿಯಲ್ಲಿ, ಆದರೆ ಡಿಕ್ಕಿ ತೆರೆಯುವುದು ವಿದ್ಯುತ್ತಿನಿಂದ. ಹಲವರು ಸಿಕ್ಕಿಬೀಳುವುದು ಇಲ್ಲಿಯೇ. ಸ್ಮಾರ್ಟ್ ಕೀ ಒಳಗೆ ಅಡಗಿರುವ ಲೋಹದ ಚಿಕ್ಕ ಕೀಲಿಯನ್ನು ಹೊರಗೆಳೆದು ಚಾಲಕನ ಬಾಗಿಲು ತೆರೆದೆವು. ಬಾನೆಟ್ಟಿನ ಹಿಡಿ ತಂತಿಯಿಂದ ಎಳೆಯುವಂಥದ್ದು, ಅದಕ್ಕೆ ಕರೆಂಟ್ ಬೇಡ. ಬಾನೆಟ್ ಎತ್ತಿ ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದರೆ ಒಳಗೆ ಕೆಂಪು ಪ್ಲಾಸ್ಟಿಕ್ ಟೋಪಿ, ಅದರ ಕೆಳಗೆ ಹೊರಗಿನಿಂದ 12 ವೋಲ್ಟ್ ಕೊಡುವ ಟರ್ಮಿನಲ್. ಮೀಟರಿನ ಕಡ್ಡಿ ಮುಟ್ಟಿಸಿದಾಗ ಕಂಡದ್ದು ನಾಲ್ಕು ವೋಲ್ಟಿಗೂ ಕಡಿಮೆ. ತುಂಬಿದ ಬ್ಯಾಟರಿ 12.6ರ ಮೇಲಿರಬೇಕು.

ಗ್ಯಾರೇಜಿನಿಂದ ತಂದಿದ್ದ ಒಳ್ಳೆಯ ಬ್ಯಾಟರಿಯ ಕೆಂಪು ಕೇಬಲನ್ನು ಆ ಟರ್ಮಿನಲ್ಲಿಗೆ, ಕಪ್ಪನ್ನು ದೂರದ ಬಣ್ಣವಿಲ್ಲದ ಲೋಹದ ಭಾಗಕ್ಕೆ ಹಚ್ಚಿದೆ. ಹಚ್ಚುವ ಮೊದಲು ಎರಡು ಬಾರಿ ನೋಡಿದೆ, ಹುಡುಗನಿಗೂ ತೋರಿಸಿದೆ. ಇಲ್ಲಿ ಕೆಂಪು ಕಪ್ಪು ಅದಲು ಬದಲಾದರೆ ಫ್ಯೂಸ್ ಹಾರುತ್ತದೆ, ಕೆಲವೊಮ್ಮೆ ಕನ್ವರ್ಟರನ್ನೇ ಸುಡುತ್ತದೆ. ಆಗ ಆ ಲಕ್ಷಗಳ ಚೀಟಿ ನಿಜವಾಗಿಬಿಡುತ್ತದೆ. ಗುಂಡಿ ಒತ್ತಿದಾಗ ಹಿಂದಿನಿಂದ ರಿಲೇಗಳ 'ಟಕ್, ಟಕ್' ಸದ್ದು ಕೇಳಿಸಿತು. ದೊಡ್ಡ ಬ್ಯಾಟರಿಯ ಮಟ್ಟ ಕೆಳಗಿತ್ತು, ಆದರೆ 'ರೆಡಿ' ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಎಂಜಿನ್ ತಾನೇ ಎದ್ದು ಓಡತೊಡಗಿತು. ನೆಲಮಾಳಿಗೆಯಲ್ಲಿ ಹೊಗೆ ತುಂಬಲು ಬಿಡಬಾರದು, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಕೇಬಲ್ ತೆಗೆದು ಕೂಡಲೇ ಕಾರನ್ನು ಅಂಗಳಕ್ಕೆ ತಂದು ಗೇರನ್ನು 'ಪಿ'ಯಲ್ಲಿ (ಪಾರ್ಕ್) ಇಟ್ಟು ನಿಲ್ಲಿಸಿದೆ. ಹೀಗೆ ನಿಲ್ಲಿಸುವಾಗ 'ಎನ್'ನಲ್ಲಿ (ನ್ಯೂಟ್ರಲ್) ಬಿಡಬೇಡಿ. ಎಂಜಿನ್ ಓಡುತ್ತಿದ್ದರೂ ದೊಡ್ಡ ಬ್ಯಾಟರಿಗೆ ಚಾರ್ಜ್ ಹೋಗುವುದಿಲ್ಲ.

ಮೇಷ್ಟ್ರು, "ನಿಂತ ಕಾರಿನ ಬ್ಯಾಟರಿ ಖಾಲಿಯಾಗುವುದು ಹೇಗೆ?" ಎಂದು ಕೇಳಿದರು. ಗಡಿಯಾರ, ಅಲಾರಂ, ಕೀಲಿಯ ಸಂಕೇತಕ್ಕಾಗಿ ಕಾಯುವ ರಿಸೀವರ್ ಎಲ್ಲ ಸೇರಿ 30 ಮಿಲಿ ಆಂಪಿಯರ್ ಎಳೆಯುತ್ತವೆ ಎಂದು ಇಟ್ಟುಕೊಳ್ಳಿ ಎಂದೆ. ಅವರು ಅದೇ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದರು: ದಿನಕ್ಕೆ 0.72 ಆಂಪಿಯರ್ ಅವರ್, 45ರ ಬ್ಯಾಟರಿಯಾದರೆ 62 ದಿನ. ಹಳೆಯದಾದರೆ ಇನ್ನೂ ಬೇಗ ಎಂದು ನಾನು ಸೇರಿಸಿದೆ. ಕೀಲಿಯನ್ನು ಕಾರಿನ ಪಕ್ಕದಲ್ಲೇ ಇಟ್ಟರೆ ಖರ್ಚು ಇನ್ನಷ್ಟು.

ಆ ಚಿಕ್ಕ ಬ್ಯಾಟರಿಯನ್ನು ಉಳಿಸಲಾಗಲಿಲ್ಲ. ಅಷ್ಟು ಕೆಳಗಿಳಿದು ತಿಂಗಳುಗಟ್ಟಲೆ ಕುಳಿತ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ನಿಧಾನ ಚಾರ್ಜರಿನಲ್ಲಿ ರಾತ್ರಿಯಿಡೀ ಇಟ್ಟರೂ ಮರುದಿನ ಚಾರ್ಜ್ ನಿಲ್ಲಲಿಲ್ಲ. ಹೊಸದನ್ನು ಹಾಕುವಾಗ ಹುಡುಗನಿಗೆ ಗಾಳಿ ಕೊಳವೆ ತೋರಿಸಿದೆ. ಬ್ಯಾಟರಿ ಇರುವುದು ಪ್ರಯಾಣಿಕರ ಜಾಗದೊಳಗೆ, ಅದರಿಂದ ಬರುವ ಅನಿಲ ಆ ಕೊಳವೆಯಿಂದಲೇ ಹೊರಗೆ ಹೋಗಬೇಕು. ಅಗ್ಗಕ್ಕೆ ಸಿಗುತ್ತದೆ ಎಂದು ಸಾಮಾನ್ಯ ಆಸಿಡ್ ಬ್ಯಾಟರಿಯನ್ನು ಅಲ್ಲಿ ಕೂರಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ದೊಡ್ಡದಕ್ಕೆ ಬೇಕಾಗಿದ್ದದ್ದು ಓಡಾಟ. ಹಿಂದಿನ ಸೀಟಿನ ಪಕ್ಕದಲ್ಲಿರುವ, ಬ್ಯಾಟರಿಗೆ ತಂಪು ಗಾಳಿ ಎಳೆಯುವ ಜಾಲರಿಯ ಧೂಳು ತೆಗೆದು, ಕಾರಿನ ಕಂಪ್ಯೂಟರಿನಿಂದ ಅಳತೆಗಳನ್ನು ಓದುವ ಸ್ಕ್ಯಾನರ್ ಹಚ್ಚಿಕೊಂಡು ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಗೆ ಹೊರಟೆವು. ಎರಡೆರಡು ಮಾಡ್ಯೂಲುಗಳ 14 ಬ್ಲಾಕುಗಳ ವೋಲ್ಟೇಜ್ ಪರದೆಯ ಮೇಲೆ ಸಾಲಾಗಿ ಕಾಣುತ್ತದೆ. ಮುಲುಂಡ್ ಟೋಲ್ ನಾಕಾ ದಾಟುವಾಗ ಸಾಲು ಏರುಪೇರಾಗಿತ್ತು, ತಿರುಗಿ ಬರುವಾಗ ಬಹುತೇಕ ಸಮನಾಗಿತ್ತು. ತಯಾರಕರ ಕೈಪಿಡಿ ಹೇಳುವುದೂ ಇದನ್ನೇ: ಕೆಲವು ತಿಂಗಳಿಗೊಮ್ಮೆಯಾದರೂ ಅರ್ಧ ಗಂಟೆ ಅಥವಾ 16 ಕಿಲೋಮೀಟರ್ ಓಡಿಸಿ. ಮನೆಯಲ್ಲಿ ಓಡಿಸುವವರಿಲ್ಲದಿದ್ದರೆ ಚಿಕ್ಕ ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಿಡಬಹುದು. ಆದರೆ ದೊಡ್ಡದು ಆಗಲೂ ತನ್ನಷ್ಟಕ್ಕೆ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ.

12 ವೋಲ್ಟ್ ಸರಿಯಿದ್ದೂ 'ರೆಡಿ' ಬಾರದಿದ್ದರೆ ಕಥೆ ಬೇರೆ. ಎಂಜಿನ್ ತಿರುಗಿಸುವಷ್ಟೂ ಶಕ್ತಿ ದೊಡ್ಡದರಲ್ಲಿ ಉಳಿದಿರದಿದ್ದರೆ ಎಷ್ಟು ಜಂಪರ್ ಕೇಬಲ್ ಹಚ್ಚಿದರೂ ಪ್ರಯೋಜನವಿಲ್ಲ. ನಿಕಲ್ ಬಗೆಯದಾದರೆ ಅದಕ್ಕೆಂದೇ ಇರುವ ಚಾರ್ಜರಿನಲ್ಲಿ ನಿಧಾನವಾಗಿ ತುಂಬಿ ಎಬ್ಬಿಸಬಹುದು. 2022ರಲ್ಲಿ ಬಂದ, ಬಿಡದಿಯಲ್ಲೇ ತಯಾರಾಗುವ ಟೊಯೋಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗಳಲ್ಲಿ ಇರುವುದು ಲಿಥಿಯಂ ಅಯಾನ್. ಲಿಥಿಯಂ ಸೆಲ್ ತೀರಾ ಕೆಳಗಿಳಿದರೆ ಒಳಗಿನ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಅದಕ್ಕೆಂದೇ ನಿಯಂತ್ರಣ ವ್ಯವಸ್ಥೆ ಬೀಗ ಹಾಕಿಕೊಳ್ಳುತ್ತದೆ. ಆ ಬೀಗವನ್ನು ಮುರಿಯುವ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ, ಎಷ್ಟು ದುಡ್ಡು ಕೊಟ್ಟರೂ. ಅಂತಹ ಕಾರನ್ನು ಕಂಪನಿಯ ಸರ್ವಿಸ್ ಕೇಂದ್ರಕ್ಕೇ ಕಳುಹಿಸುತ್ತೇನೆ, ಅದೂ ನಾಲ್ಕೂ ಚಕ್ರ ಮೇಲಿರುವ ಲಾರಿಯಲ್ಲಿ. ಹಗ್ಗ ಕಟ್ಟಿ ಎಳೆದರೆ ಮುಂದಿನ ಚಕ್ರಗಳ ಜೊತೆ ಮೋಟಾರೂ ತಿರುಗಿ ವಿದ್ಯುತ್ ಹುಟ್ಟಿಸುತ್ತದೆ.