ಇನ್ನೊಮ್ಮೆ ಕ್ಯಾಟ್ ಬರೆಯುವುದಾ, ಬೇಡವಾ?

ಐಐಎಂನಂಥ ಕಾಲೇಜುಗಳಲ್ಲಿ ಎಂಬಿಎ ಓದಲಿಕ್ಕೆ ಬರೆಯುವ ಕ್ಯಾಟ್ ಪರೀಕ್ಷೆಯ ಫಲಿತಾಂಶ ಬಂದ ವಾರ ಮಂಗಳೂರಿನ ಕದ್ರಿ ಪಾರ್ಕಿನಲ್ಲಿ ವಾಕಿಂಗ್ ಮುಗಿಸುವುದೇ ನನಗೆ ಕಷ್ಟ. ಯಾರಾದರೂ ಒಬ್ಬರು ಅಡ್ಡ ಸಿಗುತ್ತಾರೆ. "ಮಗಳಿಗೆ 88 ಬಂತು. ಇನ್ನೊಂದು ಸಲ ಬರೆಯಲಿಕ್ಕೆ ಹೇಳುವುದಾ ಬೇಡವಾ, ನೀವೇ ಹೇಳಿ ಮಾರಾಯ್ರೆ." 88 ಎಂದರೆ ಪರ್ಸೆಂಟೈಲ್, ಬರೆದ ನೂರರಲ್ಲಿ 88 ಮಂದಿ ಅವಳಿಂದ ಹಿಂದೆ ಎಂದು ಲೆಕ್ಕ. ನಾನು ಎರಡು ಸಲ ಬರೆದವನು, ಮೂರನೆಯ ಸಲ ಬರೆಯದೆ ಬಿಟ್ಟವನು. ಈಗ ಭಾನುವಾರ ಬೆಳಿಗ್ಗೆ ನಾಲ್ಕೈದು ಮಕ್ಕಳಿಗೆ ಮನೆಯಲ್ಲಿ ಇದೇ ಪರೀಕ್ಷೆಯ ಲೆಕ್ಕ ಹೇಳಿಕೊಡುತ್ತೇನೆ. ಹಾಗಾಗಿ ಪ್ರಶ್ನೆ ಸುತ್ತಿ ಸುತ್ತಿ ನನ್ನ ಹತ್ತಿರವೇ ಬರುತ್ತದೆ. ನನ್ನ ಉತ್ತರವೂ ಪ್ರತಿ ವರ್ಷ ಒಂದೇ: 88 ಇಟ್ಟುಕೊಂಡು ನಾನೇನೂ ಹೇಳಲಾರೆ, ರೆಸ್ಪಾನ್ಸ್ ಶೀಟ್ ತನ್ನಿ.

ರೆಸ್ಪಾನ್ಸ್ ಶೀಟ್ ಎಂದರೆ ಪರೀಕ್ಷೆಯ ದಿನ ನೀವು ಯಾವ ಪ್ರಶ್ನೆಗೆ ಏನು ಒತ್ತಿದಿರಿ, ಯಾವುದನ್ನು ಬಿಟ್ಟಿರಿ ಎಂಬುದರ ಪೂರ್ತಿ ದಾಖಲೆ. ಡಿಸೆಂಬರಿನಲ್ಲಿ ಸರಿಯುತ್ತರಗಳ ಜೊತೆ ಅದೂ ಸಿಗುತ್ತದೆ. ಅಂಕ ಎಷ್ಟೆಂದು ಕೂಡಿಸಿ ನೋಡಿದ ಮೇಲೆ ಅದನ್ನು ಮತ್ತೆ ತೆರೆಯುವವರು ಕಡಿಮೆ.

ನಮ್ಮ ಊರಿನ ಅಪ್ಪಂದಿರಿಗೆ ಈ ಮಾತು ಸುಲಭಕ್ಕೆ ಹಿಡಿಸುವುದಿಲ್ಲ. ಕಾರಣ ಉಂಟು. ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂದು ಐದು ಬ್ಯಾಂಕುಗಳನ್ನು ಹೆತ್ತ ನೆಲ ಇದು. ಇಲ್ಲಿ ಎರಡು ತಲೆಮಾರು ಪರೀಕ್ಷೆ ಎಂದರೆ ಬ್ಯಾಂಕ್ ಪರೀಕ್ಷೆ ಎಂದೇ ತಿಳಿದು ಬೆಳೆದಿದೆ. ಕೆಲಸಕ್ಕೆ ಸೇರಿದ ಮೇಲೆ ಜೆಎಐಐಬಿ, ಸಿಎಐಐಬಿ ಎಂಬ ಬ್ಯಾಂಕ್ ನೌಕರರ ಪರೀಕ್ಷೆಗಳು. ಅದರಲ್ಲಿ ಒಂದು ಪೇಪರ್ ಹೋದರೆ ಮುಂದಿನ ಸಲ ಅದೊಂದನ್ನೇ ಬರೆದರಾಯಿತು, ಪಾಸಾದ ಪೇಪರಿಗೆ ಅವಧಿ ಮುಗಿಯುವ ತನಕ ಮೋಸ ಇಲ್ಲ. "ಸಿಗುವ ತನಕ ಬರೆ" ಎಂಬ ಬುದ್ಧಿ ಅಲ್ಲಿಂದ ಬಂದದ್ದು, ಅಲ್ಲಿಗೆ ಅದು ಸರಿಯೇ. ಕ್ಯಾಟಿನಲ್ಲಿ ಹಾಗೆ ಏನೂ ಕೈಯಲ್ಲಿ ಉಳಿಯುವುದಿಲ್ಲ. ಎಷ್ಟು ಸಲ ಬೇಕಾದರೂ ಬರೆಯಬಹುದು, ಆದರೆ ಈ ನವೆಂಬರಿನ ಅಂಕ ಬರುವ ಜೂನಿನ ಪ್ರವೇಶಕ್ಕೆ ಮಾತ್ರ. ಮುಂದಿನ ಸಲ ಇಂಗ್ಲಿಷ್, ತರ್ಕ, ಲೆಕ್ಕ ಮೂರೂ ಭಾಗ ಮೊದಲಿನಿಂದ, ಭಾಗಕ್ಕೆ 40 ನಿಮಿಷದಂತೆ.

ಹಾಗೆ ಬಂದವರಲ್ಲಿ ಒಬ್ಬರು ವಿಜಯಾ ಬ್ಯಾಂಕಿನಿಂದ ನಿವೃತ್ತರಾದವರು. 2019ರಲ್ಲಿ ಅದು ಬರೋಡಾ ಬ್ಯಾಂಕಿನೊಳಗೆ ಸೇರಿಹೋಯಿತಲ್ಲ, ಆ ಬೇಸರ ಅವರಿಗೆ ಇನ್ನೂ ಇಳಿದಿಲ್ಲ. ಮಗಳ ಶೀಟನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಲೆಡ್ಜರಿನ ಹಾಗೆ ಮೂಲೆಗೆ ದಾರ ಪೋಣಿಸಿ ತಂದಿದ್ದರು. ಹುಡುಗಿಯ ಕೈಗೆ ಪೆನ್ಸಿಲ್ ಕೊಟ್ಟೆ. ತಪ್ಪಾದ ಒಂದೊಂದು ಪ್ರಶ್ನೆಯ ಎದುರೂ ಒಂದಕ್ಷರ ಹಾಕಬೇಕು: ವಿಷಯವೇ ಗೊತ್ತಿರಲಿಲ್ಲವಾದರೆ 'ಗೊ', ಗೊತ್ತಿದ್ದೂ ಅವಸರದಲ್ಲಿ ಎಡವಿದ್ದಾದರೆ 'ಎ', ಕಣ್ಣುಮುಚ್ಚಿ ಒತ್ತಿದ್ದಾದರೆ 'ಕ'. ಮೊದಲ ಪುಟದಲ್ಲಿ ಎಲ್ಲದಕ್ಕೂ 'ಎ' ಹಾಕಿದಳು. ಎಲ್ಲರೂ ಹಾಗೇ ಮಾಡುತ್ತಾರೆ. "ಇದನ್ನು ಈಗ ಬಿಡಿಸು ನೋಡುವ" ಎಂದು ಕಾಗದ ಮುಂದಿಟ್ಟಾಗ ಎರಡು 'ಎ' ಅಳಿಸಿ 'ಗೊ' ಆಯಿತು.

ಡಿಐಎಲ್ಆರ್ ಭಾಗಕ್ಕೆ ಬಂದಾಗ ವಿಷಯ ಹೊರಬಿತ್ತು. ಅಂಕಿಅಂಶ, ತರ್ಕದ ಒಗಟುಗಳು ಬರುವ ಭಾಗ ಅದು. ಒಂದು ಒಗಟಿಗೆ ನಾಲ್ಕೋ ಐದೋ ಪ್ರಶ್ನೆ, ಅದಕ್ಕೆ ಸೆಟ್ ಎನ್ನುತ್ತಾರೆ. ಅವಳು ಮೊದಲು ಕಂಡ ಸೆಟ್ಟಿಗೇ ಕೈಹಾಕಿ 25 ನಿಮಿಷ ಕೂತಿದ್ದಳು. ಒಂದು ಷರತ್ತನ್ನು ತಿರುಗುಮುರುಗು ಓದಿದ್ದರಿಂದ ಐದಕ್ಕೆ ಐದೂ ತಪ್ಪು. ಇದ್ದುದರಲ್ಲಿ ಹಗುರದ ಸೆಟ್ ಕೊನೆಯಲ್ಲಿತ್ತು, ಅದನ್ನು ಅವಳು ತೆರೆದೇ ಇರಲಿಲ್ಲ. ನಮ್ಮ ಊಟದ ಮೇಜಿನಲ್ಲಿ ಅದನ್ನು ಹನ್ನೊಂದು ನಿಮಿಷದಲ್ಲಿ ಬಿಡಿಸಿದಳು. ಅಪ್ಪ ಕೈಗಡಿಯಾರ ನೋಡುತ್ತಿದ್ದರು. ಅವಳಿಗೆ ನಾನು ಬರೆಯಲಿಕ್ಕೆ ಹೇಳಿದೆ.

ಒಂದು ಸೆಟ್ಟಿಗೆ ಅಷ್ಟು ಬೆಲೆ ಉಂಟಾ ಎಂದರೆ, ಉಂಟು. ಸರಿಯಾದರೆ ಮೂರು ಅಂಕ, ಆಯ್ಕೆ ಕೊಟ್ಟ ಪ್ರಶ್ನೆ ತಪ್ಪಾದರೆ ಒಂದು ಕಳೆತ, ಟೈಪ್ ಮಾಡುವ ಪ್ರಶ್ನೆಗಳಿಗೆ ಕಳೆತ ಇಲ್ಲ. 2023ರಲ್ಲಿ ಒಟ್ಟು 198 ಅಂಕ. 99 ಪರ್ಸೆಂಟೈಲ್ ಬರಲಿಕ್ಕೆ ಅದರ ಅರ್ಧವೂ ಬೇಕಾಗಿರಲಿಲ್ಲ. ಅಂಥಲ್ಲಿ ನಾಲ್ಕು ಪ್ರಶ್ನೆಯ 12 ಅಂಕ ಎಂದರೆ ಸಾವಿರಾರು ಮಂದಿಯನ್ನು ದಾಟಿದ ಹಾಗೆ. ಈಗೀಗ ಮೂರು ಲಕ್ಷದ ಹತ್ತಿರ ಜನ ಬರೆಯುತ್ತಾರೆ. 90 ಬಂದವರ ಮುಂದೆ ಸುಮಾರು 30 ಸಾವಿರ ಮಂದಿ, 99 ಬಂದವರ ಮುಂದೆ ಮೂರು ಸಾವಿರ. 90 ಎಂದ ಕೂಡಲೇ ಮನೆಯವರು ಎಸ್ಸೆಸ್ಸೆಲ್ಸಿಯ 90ರ ಲೆಕ್ಕದಲ್ಲಿ ಸಿಹಿ ಹಂಚುವುದನ್ನು ನೋಡಿದ್ದೇನೆ, ಸುಮ್ಮನೆ ತಿಂದು ಬಂದಿದ್ದೇನೆ.

ನನ್ನ ಕಥೆ ಬೇರೆ. ನಾನು ಬರೆದದ್ದು 2016ರಲ್ಲಿ ಮತ್ತು 2017ರಲ್ಲಿ, ಆಗ ಮೂರು ಗಂಟೆಯ ಪರೀಕ್ಷೆ, 100 ಪ್ರಶ್ನೆ. ಇಂಗ್ಲಿಷಿನ 34ರಲ್ಲಿ 24 ಪ್ರಶ್ನೆ ಓದಿ ಅರ್ಥಮಾಡಿಕೊಳ್ಳುವ ಪಾಠಗಳ ಮೇಲೆಯೇ. ಏಳನೆಯ ತರಗತಿಯ ತನಕ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಇಂಗ್ಲಿಷನ್ನು ಪರೀಕ್ಷೆಗೆ ಬೇಕಾದಷ್ಟೇ ಓದಿದವನು ನಾನು. ತತ್ತ್ವಶಾಸ್ತ್ರದ್ದೊಂದು ಪಾಠ ಬಂದರೆ ಎರಡನೆಯ ಪ್ಯಾರಾಕ್ಕೆ ಉಸಿರು ಕಟ್ಟುತ್ತಿತ್ತು. ಮೊದಲ ಸಲ 86. ಮುಂದಿನ ಒಂದು ವರ್ಷ ನಾನು ಮಾಡಿದ್ದೇನು? ಬೆಳಿಗ್ಗೆ ಎದ್ದು ಲೆಕ್ಕ. ರಾತ್ರಿ ಊಟವಾದ ಮೇಲೆ ಲೆಕ್ಕ. ಲೆಕ್ಕ ಮೊದಲೇ ಬರುತ್ತಿತ್ತು, ಬರುವುದನ್ನೇ ಮಾಡುವುದು ಬಹಳ ಹಿತ. ಎರಡನೆಯ ಸಲ 89 ಬಂತು. ಮೇಲೆ ಹೋದ ಆ ಮೂರೂ ಲೆಕ್ಕದಿಂದಲೇ ಬಂದದ್ದು. ಇಂಗ್ಲಿಷಿನ ಪುಟ ತುಂಬ ಮತ್ತೆ 'ಗೊ'. ಓದುವ ಅಭ್ಯಾಸ ಆರು ತಿಂಗಳಿಗೆ ಕೂಡಿಬರುವುದಲ್ಲ ಎಂದು ಆಗ ಅರ್ಥವಾಯಿತು. ಆ ವರ್ಷ ಸಿಕ್ಕಿದ ಕಾಲೇಜಿಗೆ ಸೇರಿಕೊಂಡೆ.

ಶೀಟ್ ನೋಡುವ ಮೊದಲೇ ನಾನು ಬೇಡ ಎನ್ನುವ ಸಂದರ್ಭವೂ ಒಂದುಂಟು. ಐಐಎಂಗಳು ಕ್ಯಾಟ್ ಒಂದನ್ನೇ ನೋಡುವುದಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಅಂಕಗಳನ್ನೂ, ಕೆಲಸದ ಅನುಭವವನ್ನೂ ಒಂದೊಂದು ಸಂಸ್ಥೆ ತನ್ನದೇ ತೂಕದಲ್ಲಿ ಸೇರಿಸುತ್ತದೆ. ಬೆಂಗಳೂರಿನದು ಹಳೆಯ ಅಂಕಗಳಿಗೆ ಸಾಕಷ್ಟು ಬೆಲೆ ಕೊಡುತ್ತದೆ. ಪಿಯುಸಿಯಲ್ಲಿ 61 ತೆಗೆದ ಹುಡುಗ ಅದೊಂದಕ್ಕೇ ಹಟ ಹಿಡಿದು ಮೂರನೆಯ ಸಲ ಬರೆಯುತ್ತೇನೆ ಎಂದರೆ, ಮೊದಲು ಆ ಸೂತ್ರದಲ್ಲಿ ತನ್ನ ಅಂಕ ಹಾಕಿ ನೋಡಲಿ. ಪಿಯುಸಿಯನ್ನಂತೂ ತಿರುಗಿ ಬರೆಯುವ ಹಾಗಿಲ್ಲ.

ಇನ್ನು ನವೆಂಬರಿನ ತನಕ ಕಾಯಲೇಬೇಕೆಂದೂ ಇಲ್ಲ. ಜನವರಿಯಲ್ಲಿ ಎಕ್ಸ್‌ಎಟಿ ಎಂಬ ಇನ್ನೊಂದು ಎಂಬಿಎ ಪ್ರವೇಶ ಪರೀಕ್ಷೆ ಇದೆ, ಹೆಸರು ಕೊಡುವುದು ಮಾತ್ರ ಮೊದಲೇ ಆಗಿರಬೇಕು. ಮಣಿಪಾಲದ ಎಂಬಿಎ ಕಾಲೇಜು ಟ್ಯಾಪ್ಮಿ ಅದರ ಅಂಕವನ್ನೂ ತೆಗೆದುಕೊಳ್ಳುತ್ತದೆ. ಟಿ. ಎ. ಪೈಗಳು ಅದನ್ನು ಶುರುಮಾಡಿದ್ದು 1980ರಲ್ಲಿ; ಆದರೂ ಉಡುಪಿಯಿಂದ ಅರ್ಧ ಗಂಟೆಯೊಳಗಿನ ಆ ಕಾಲೇಜನ್ನು ಬಿಟ್ಟು ದೂರದ್ದೇ ಆಗಬೇಕು ಎನ್ನುವವರು ನಮ್ಮಲ್ಲೇ ಹೆಚ್ಚು. ವಿದೇಶದ ಕಾಲೇಜುಗಳೂ ನೋಡುವ ಜಿಮ್ಯಾಟ್ ಪರೀಕ್ಷೆ ಆದರೆ 16 ದಿನ ಬಿಟ್ಟು ಮತ್ತೆ ಬರೆಯಬಹುದು, ಅಂಕ ಐದು ವರ್ಷ ನಡೆಯುತ್ತದೆ. ಶುಲ್ಕ ಕೇಳಿದರೆ ಎದೆ ಝಲ್ಲೆನ್ನುತ್ತದೆ, ಅದು ಬೇರೆ ಮಾತು.

ಕೆಲಸ ಬಿಟ್ಟು ಓದುತ್ತೇನೆ ಎನ್ನುವವರಿಗೆ ನಾನು ನೇರವಾಗಿ ಬೇಡ ಎನ್ನುತ್ತೇನೆ. ವಾರಕ್ಕೊಂದು ಮಾಕ್, ಎಂದರೆ ಅಣಕು ಪರೀಕ್ಷೆ, ಬರೆದು, ಅದನ್ನು ಪೆನ್ಸಿಲ್ ಹಿಡಿದು ಬಿಡಿಸಿ ನೋಡುವುದಕ್ಕೆ ಶನಿವಾರ, ಭಾನುವಾರ ಸಾಕು. ದಿನವಿಡೀ ಬಿಡುವು ಸಿಕ್ಕಿದರೆ ನನ್ನ ಹಾಗೆ ಬರುವ ಲೆಕ್ಕವನ್ನೇ ಮತ್ತೆ ಮತ್ತೆ ಮಾಡುತ್ತಾ ಕೂರುವ ಅಪಾಯ ಹೆಚ್ಚು.

ಆ ಹುಡುಗಿ ಮುಂದಿನ ನವೆಂಬರಿನ ಕೊನೆಯ ಭಾನುವಾರ ಮಂಗಳೂರಿನಲ್ಲೇ ಬರೆದಳು. ಅಪ್ಪ ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಕಾರಿನಲ್ಲಿ ಕೂತು ನನಗೆ ಫೋನ್ ಮಾಡಿದರು. "40 ನಿಮಿಷ ಆಯಿತು, ಈಗ ಎರಡನೆಯ ಭಾಗ ಶುರುವಾಗಿರಬೇಕಲ್ವಾ?" ಹೌದೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ದನಿ ತಗ್ಗಿಸಿ ಕೇಳಿದರು: "ಐದೂ ಸೆಟ್ ಒಮ್ಮೆ ನೋಡಿಯೇ ಕೈಹಾಕು ಎಂದು ಬೆಳಿಗ್ಗೆಯಿಂದ ಮೂರು ಸಲ ಹೇಳಿದ್ದೇನೆ. ನೋಡುತ್ತಿರಬಹುದಾ?"