ಯಾರೂ ನೋಡದ ವೈರು

ಇವತ್ತು ಸಂಜೆ ಪೂರ್ತಿ 1/24 ಅಳತೆಯ ಮಾಡೆಲ್ ಕಾರಿನ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ವೈರ್ ಹಾಕ್ತಾ ಕೂತಿದ್ದೆ.

ಅಸಲಿ ವೈರು 7-8 ಮಿಲಿಮೀಟರ್ ದಪ್ಪ, ಈ ಅಳತೆಗೆ ಇಳಿಸಿದ್ರೆ ಹೆಚ್ಚುಕಮ್ಮಿ 0.3. ಪ್ಲಗ್ ವೈರುಗಳೆಲ್ಲ ಹೊರಡೋ ಮುಚ್ಚಳ, ಅಂದ್ರೆ ಡಿಸ್ಟ್ರಿಬ್ಯೂಟರ್ ಕ್ಯಾಪ್‌ಗೆ ಡ್ರಿಲ್ ಬಿಟ್ಟನ್ನ ಬೆರಳಲ್ಲೇ ತಿರುಗಿಸಿ ತೂತು ಮಾಡ್ಬೇಕು, ಉಸಿರು ಜೋರಾಗಿ ಬಿಟ್ರೂ ವೈರು ಎಲ್ಲಿಗೋ ಹಾರಿಹೋಗತ್ತೆ, ಆಮೇಲೆ ನೆಲದ ಮೇಲೆ ಟಾರ್ಚ್ ಹಿಡ್ಕೊಂಡು ಹುಡುಕಾಟ. ವಿ8 ಅಂದ್ರೆ 8 ಸಿಲಿಂಡರ್ ಇಂಜಿನ್, ಹಾಗಾಗಿ ಪ್ಲಗ್‌ಗೆ 8 ವೈರು, ಕಾಯಿಲ್‌ಗೆ ಇನ್ನೊಂದು.

ಅದರ ಮೇಲೆ ಶೆವಿ ಸ್ಮಾಲ್ ಬ್ಲಾಕ್ (ಶೆವ್ರೊಲೆ ವಿ8 ಇಂಜಿನ್) ಫೈರಿಂಗ್ ಆರ್ಡರ್, ಅಂದ್ರೆ ಸಿಲಿಂಡರ್‌ಗಳಲ್ಲಿ ಕಿಡಿ ಹಾರೋ ಕ್ರಮ, 1-8-4-3-6-5-7-2, ಅದೇ ಪ್ರಕಾರ ಹಾಕಿದೀನಿ. ಸ್ಟಾರ್ಟೇ ಆಗದ ಇಂಜಿನ್‌ಗೆ! ಯಾಕೆ ಅಂತ ಕೇಳ್ಬೇಡಿ. ಪಳಪಳ ಹೊಳೆಯೋ ಪೇಂಟ್ ಎಲ್ರೂ ಹೊಗಳ್ತಾರೆ, ನಂಗೆ ಮಾತ್ರ ಬಾನೆಟ್ ಒಳಗಿನ ಈ ಗಲೀಜೇ ಇಷ್ಟ. ನಾಳೆ ಏರ್ ಕ್ಲೀನರ್ ಕೂರಿಸಿದ್ರೆ ಅರ್ಧ ಅದರಡಿ ಮುಚ್ಚಿಹೋಗತ್ತೆ, ಹೋಗ್ಲಿ ಬಿಡಿ.