ಐದು ಅಕ್ಷರದ ಎಂಟು

ಮೊನ್ನೆ ರಾತ್ರಿ ಮಗಳು ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಮೆಸೇಜ್ ಹಾಕಿದಳು. "ಅಮ್ಮ, ಇವತ್ತು ವರ್ಡಲ್ ಬೇಡ. ನಾನೇ ಒಂದು ಪದ ಇಟ್ಟುಕೊಂಡಿದ್ದೀನಿ. ಐದು ಅಕ್ಷರ, ಆರು ಸಲ ಕೇಳಬಹುದು."

ವರ್ಡಲ್ ನಮ್ಮಿಬ್ಬರ ದಿನದ ಆಟ. ಐದಕ್ಷರದ ಒಂದು ಇಂಗ್ಲಿಷ್ ಪದವನ್ನು ಆರು ಸಲದೊಳಗೆ ಊಹಿಸಬೇಕು, ಒಂದೊಂದು ಊಹೆಗೆ ಒಂದೊಂದು ಸಾಲು. ಹೊಸ ಪದ ಅವರವರ ಊರಿನ ಮಧ್ಯರಾತ್ರಿಗೆ ಬರುತ್ತೆ. ಹಾಗಾಗಿ ಶಿವಮೊಗ್ಗದಲ್ಲಿರುವ ನನಗೇ ಮೊದಲು. ಉತ್ತರ ಸಿಕ್ಕಿದರೂ ಅವಳಿಗೆ ಹೇಳದೆ ಬಾಯಿ ಬಿಗಿ ಹಿಡಿದಿರಬೇಕು. ಬರೀ ಬಣ್ಣದ ಚೌಕಗಳನ್ನು ಕಳಿಸುತ್ತೇನೆ. ಹಸಿರು ಅಂದರೆ ಅಕ್ಷರವೂ ಸರಿ, ಜಾಗವೂ ಸರಿ. ಹಳದಿ ಅಂದರೆ ಅಕ್ಷರ ಇದೆ, ಜಾಗ ಬೇರೆ. ಬೂದು ಅಂದರೆ ಇಲ್ಲ.

ಈ ಆಟ ಹುಟ್ಟಿದ್ದೇ ಮನೆಯೊಳಗೆ. ಜಾಶ್ ವಾರ್ಡಲ್ ಅನ್ನುವ ಸಾಫ್ಟ್‌ವೇರ್ ಎಂಜಿನಿಯರ್ ತನ್ನ ಸಂಗಾತಿ ಪಲಕ್ ಶಾಗೋಸ್ಕರ ಮಾಡಿದ್ದು. ಇಂಗ್ಲಿಷಿನಲ್ಲಿ ಐದಕ್ಷರದ ಪದಗಳು ಸುಮಾರು 12,000 ಇವೆ. ಅದರಲ್ಲಿ ಜನ ಕೇಳಿರುವಂಥ 2,500ರಷ್ಟನ್ನು ಆರಿಸಿಕೊಟ್ಟವರು ಪಲಕ್. 2021ರ ನವೆಂಬರ್ 1ರಂದು ಆಡಿದವರು 90 ಜನ. ಎರಡು ತಿಂಗಳಲ್ಲಿ ಅದು 3 ಲಕ್ಷ ದಾಟಿತು. 2022ರ ಜನವರಿ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಒಂದೊಂದೇ ಪದ ನೋಡಿ ಇದಿರಲಿ, ಇದು ಬೇಡ ಅಂತ ಕೂತು ಆರಿಸಿದರಲ್ಲ, ಆ ಕೆಲಸ ನನಗೆ ತುಂಬಾ ಇಷ್ಟ. ಅಕ್ಕಿ ಆರಿಸಿದ ಹಾಗೆ.

ಸರಿ, ಮೊನ್ನೆಯ ಆಟ. ನಾನು ಯಾವಾಗಲೂ ಶುರು ಮಾಡೋದು ಟ್ರೈನ್‌ನಿಂದ. ಟಿ ಹಳದಿ, ಐ ಹಳದಿ, ಉಳಿದದ್ದು ಬೂದು. ಎರಡನೇ ಸಾಲಿಗೆ ಲೈಟ್ ಹಾಕಿದೆ. ಎಲ್ ಬೂದು. ಐ, ಜಿ, ಎಚ್, ಟಿ ನಾಲ್ಕೂ ಹಸಿರು! ಇನ್ನೇನು, ಮೊದಲಿನ ಅಕ್ಷರ ಒಂದೇ ಬಾಕಿ. ಮೈಟ್ ಅಂದೆ. ಅಲ್ಲ. ಫೈಟ್. ಅಲ್ಲ. ಸೈಟ್ ಅಂದೆ, ನೋಟ ಅನ್ನೋ ಅರ್ಥದ್ದು. ಅದೂ ಅಲ್ಲ. ಆರ್, ಎನ್ ಇಲ್ಲ ಅಂತ ಟ್ರೈನೇ ಹೇಳಿತ್ತು, ಹಾಗಾಗಿ ರೈಟ್, ನೈಟ್ ಎರಡೂ ಆಗಲ್ಲ. ಟಿ ಮೊದಲನೇ ಜಾಗದಲ್ಲಿಲ್ಲ, ಟೈಟ್ ಕೂಡ ಹೋಯ್ತು. ಕಿವಿಯಲ್ಲಿ ಬೈಟ್, ಕೈಟ್, ವೈಟ್ ಎಲ್ಲಾ ಬಂದವು. ಬರೆದು ನೋಡಿದರೆ ಒಂದರಲ್ಲೂ ಜಿ ಇಲ್ಲ. ಆರನೇ ಸಾಲಿಗೆ ಹಾಕೋಕೆ ಏನೂ ಸಿಗಲಿಲ್ಲ.

"ಎಂಟು, ಅಮ್ಮ," ಅಂದಳು.

ಇ-ಐ-ಜಿ-ಎಚ್-ಟಿ. ಏಟ್! ಪ್ರಾಸದ ಹಿಂದೆ ಹೋಗಿದ್ದೆ ನಾನು. ಐಟ್, ಐಟ್ ಅಂತ ಹುಡುಕುವವಳಿಗೆ ಏಟ್ ಹೇಗೆ ಹೊಳೆಯಬೇಕು? ನಮ್ಮ ಕಿವಿ ಕನ್ನಡದ್ದು. ಕೇಳಿದ್ದನ್ನ ಹಾಗೇ ಬರೆಯುತ್ತೆ, ಬರೆದದ್ದನ್ನ ಹಾಗೇ ಓದುತ್ತೆ. ಇಂಗ್ಲಿಷ್ ಪದವನ್ನ ಕಣ್ಣಿಂದ ಹುಡುಕಬೇಕು.

ಮಗಳು ಒಂದು ಉಪಾಯವನ್ನೂ ಹೇಳಿಕೊಟ್ಟಳು. ನಾಲ್ಕು ಹಸಿರು ಬಂದು ಒಂದೇ ಅಕ್ಷರ ಬಾಕಿ ಇದ್ದರೆ ಒಂದೊಂದೇ ಪದ ತೂರಬಾರದು. ಅನುಮಾನ ಇರುವ ಅಕ್ಷರಗಳನ್ನೆಲ್ಲ ಒಂದೇ ಪದದಲ್ಲಿ ಸೇರಿಸಿ ಕೇಳಬೇಕು. ಮೂರನೇ ಸಾಲಿಗೆ ಫ್ಯೂಮ್ಸ್ ಹಾಕಿದ್ದರೆ ಎಫ್, ಎಂ, ಇ, ಎಸ್ ನಾಲ್ಕೂ ಒಂದೇ ಏಟಿಗೆ ಗೊತ್ತಾಗ್ತಿತ್ತು. ಇ ಮಾತ್ರ ಹಳದಿ ಬರ್ತಿತ್ತು, ನಾಲ್ಕನೇ ಸಾಲಲ್ಲಿ ಆಟ ಮುಗೀತಿತ್ತು. ಕಠಿಣ ಮಾದರಿಯಲ್ಲಿ ಆಡುವವರಿಗೆ ಈ ದಾರಿ ಇಲ್ಲ. ಸಿಕ್ಕ ಹಸಿರನ್ನ ಅವರು ಬಿಡುವ ಹಾಗಿಲ್ಲ.

ಈ ಜಿ-ಎಚ್ ಮೇಲೆ ನನಗೆ ಹಳೇ ಸಿಟ್ಟು. ತೀರ್ಥಹಳ್ಳಿ ಕಡೆಯ ಕನ್ನಡ ಶಾಲೆ, ಎಬಿಸಿಡಿ ಶುರುವಾದದ್ದೇ ಐದನೇ ಕ್ಲಾಸಿನಲ್ಲಿ. "ಎನ್ ಐ ಜಿ ಎಚ್ ಟಿ ನೈಟ್, ನೈಟ್ ಅಂದ್ರೆ ರಾತ್ರಿ" ಅಂತ ರಾಗವಾಗಿ ಹೇಳಬೇಕಿತ್ತು. ಡಿಕ್ಟೇಶನ್‌ನಲ್ಲಿ ನಾನು ಎನ್-ಐ-ಟಿ ಬರೆದೆ. ಇಪ್ಪತ್ತು ಸಲ ಇಂಪೊಸಿಷನ್. ಜಿ ಯಾಕೆ, ಎಚ್ ಯಾಕೆ ಅಂತ ಕೇಳಿದ್ದಕ್ಕೆ "ಅದು ಹಾಗೇ" ಅಂದರು. ಆ ಉತ್ತರ ನನ್ನೊಳಗೆ ನಲವತ್ತು ವರ್ಷ ಮುಳ್ಳಿನ ಹಾಗೆ ಇತ್ತು.

ಅದನ್ನ ತೆಗೆದವಳು ಮಗಳು. "ಇಲ್ಲಿ ಎಂಟಕ್ಕೆ ಆಖ್ಟ್ ಅಂತಾರಮ್ಮ. ರಾತ್ರಿಗೆ ನಾಖ್ಟ್, ಬೆಳಕಿಗೆ ಲಿಖ್ಟ್. ನಿನ್ನ ಜಿ-ಎಚ್ ಇಲ್ಲಿ ಇನ್ನೂ ಕೇಳಿಸುತ್ತೆ." ಫೋನಿನಲ್ಲೇ ನಿಧಾನಕ್ಕೆ ಹೇಳಿ ತೋರಿಸಿದಳು. ಆಖ್ಟ್, ನಾಖ್ಟ್ ಅನ್ನುವಾಗ ಗಂಟಲಿನ ಹತ್ತಿರ ಗಾಳಿ ಉಜ್ಜಿಕೊಂಡು ಬರುವ ಸದ್ದು. ಇಂಗ್ಲಿಷಿನವರೂ ಒಂದು ಕಾಲಕ್ಕೆ ಹೀಗೇ ಅನ್ನುತ್ತಿದ್ದರಂತೆ. ಆಮೇಲೆ ಬಾಯಿ ಆ ಸದ್ದನ್ನು ಬಿಟ್ಟಿತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ಇಟ್ಟ ಮೇಲೆ ಅಕ್ಷರಗಳು ಮೆಲ್ಲಗೆ ಗಟ್ಟಿಯಾದವು. ಸದ್ದು ಹೋಯ್ತು, ಜಿ-ಎಚ್ ಕೂತೇ ಇದೆ.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಮನೆ ಬಾಗಿಲಿಗೇ ಬರುತ್ತೆ. ಸಂಸ್ಕೃತದಲ್ಲಿ ರಾತ್ರಿಗೆ ನಕ್ತ ಅನ್ನುವ ಪದವೂ ಇದೆ. ನಕ್ತ, ನಾಖ್ಟ್, ನೈಟ್ ಮೂರೂ ಒಂದೇ ಬೇರಿನವು. ಅಜ್ಜಿ ಹಗಲೆಲ್ಲ ಉಪವಾಸ ಇದ್ದು ರಾತ್ರಿ ಒಂದು ಹೊತ್ತು ಊಟ ಮಾಡುತ್ತಿದ್ದರು. ಅದಕ್ಕೆ ನಕ್ತ ಅಂತಲೇ ಅನ್ನುತ್ತಿದ್ದರು. ಆ ನಕ್ತದ ಕ ಇದೆಯಲ್ಲ, ಅದೇ ನಾನು ಇಪ್ಪತ್ತು ಸಲ ಬರೆದ ಜಿ-ಎಚ್. ಅಷ್ಟ ಮತ್ತು ಏಟ್ ಕೂಡ ಹೀಗೇ ನೆಂಟರು. ಇದು ಗೊತ್ತಾದ ರಾತ್ರಿ ನನಗೆ ನಿಜಕ್ಕೂ ನಿದ್ದೆ ಬರಲಿಲ್ಲ.

ನಮ್ಮಲ್ಲೂ ಸದ್ದು ಕಳೆದುಹೋಗಿದೆ. ಹಳಗನ್ನಡದಲ್ಲಿ ಏಳು ಏೞು ಆಗಿತ್ತು, ಬಾಳೆ ಬಾೞೆ, ಕೋಳಿ ಕೋೞಿ. ತಮಿಳರು ಬಾಳೆಹಣ್ಣಿಗೆ ವಾೞೈಪ್ಪೞಂ ಅನ್ನುವಾಗ ಆ ಸದ್ದು ಈಗಲೂ ಕೇಳುತ್ತೆ. ನಾವು ಸದ್ದು ಬಿಟ್ಟ ಮೇಲೆ ಅಕ್ಷರವನ್ನೂ ಬಿಟ್ಟೆವು. ನಮ್ಮ ಮಕ್ಕಳಿಗೆ ಕಲಿಯೋಕೆ ಸುಲಭ ಆಯ್ತು, ಅದು ಒಳ್ಳೇದೇ. ಆದರೂ ಏಳು ಅಂತ ಬರೆಯುವಾಗ ಈಗ ಒಂದು ಕ್ಷಣ ಕೈ ತಡೆಯುತ್ತೆ.

ಇವತ್ತು ಪದ ಇಡುವ ಸರದಿ ನನ್ನದು. ಜಿ-ಎಚ್ ಇರೋದನ್ನೇ ಆರಿಸಿದ್ದೇನೆ. ಒ-ಯು-ಜಿ-ಎಚ್ ಅಂತ ಮುಗಿಯುವ ಐದಕ್ಷರದ ಪದಗಳು ಪ್ರಾಸಕ್ಕೇ ಸಿಗಲ್ಲ. ರಫ್, ಟಫ್ ಒಂದು ಥರ. ಕೆಮ್ಮು ಅನ್ನೋ ಕಾಫ್ ಇನ್ನೊಂದು ಥರ. ಮರದ ಕೊಂಬೆಗೆ ಬೌ. ಕಲಸಿದ ಹಿಟ್ಟಿಗೆ ಡೋ. ಮಗಳು ಮೂರನೇ ಸಾಲಿಗೆ ಕಾಫ್ ಕಳಿಸಿದ್ದಾಳೆ. ಒಂದು ಬೂದು, ನಾಲ್ಕು ಹಸಿರು ಹಾಕಿ ಕಳಿಸಿದೆ. ಈಗ ರಫ್ ಬಂತು, ಅದಕ್ಕೂ ಅದೇ ಬಣ್ಣ. ಚಪಾತಿ ಹಿಟ್ಟು ನಾದುತ್ತಾ ಇದ್ದೇನೆ, ಫೋನಿನ ಗಾಜಿಗೆಲ್ಲ ಹಿಟ್ಟು ಮೆತ್ತಿದೆ. ಒಂದು ಫೋಟೋ ತೆಗೆದು ಕಳಿಸಿದರೆ ಸುಳಿವು ಕೊಟ್ಟ ಹಾಗಾಗುತ್ತಾ?